ಕಡಲ ಕಾವಲಿಗೆ ಹೊಂದಾಣಿಕೆ ಬೇಕು

ಮಾನ್ಯರೇ,

ನಾನು ಕಡಲ ಕಾವಲಿನ ನಿಯಂತ್ರಣ ಕೊಠಡಿಯಲ್ಲಿ ದುಡಿದು ನಿವೃತ್ತನಾದವನು. ದೊಡ್ಡ ಹಡಗುಗಳು ಎಐಎಸ್ ಎಂಬ ಸ್ವಯಂಚಾಲಿತ ಗುರುತು ಸಾಧನದ ಮೂಲಕ ತಮ್ಮ ಹೆಸರು, ವೇಗ, ದಿಕ್ಕನ್ನು ತಾವೇ ತಿಳಿಸುತ್ತವೆ. ಸಣ್ಣ ದೋಣಿಗಳಲ್ಲಿ ಹೆಚ್ಚಿನವಕ್ಕೆ ಆ ಸಾಧನವೇ ಇರುವುದಿಲ್ಲ. ರಾಡಾರ್ ತೆರೆಯಲ್ಲಿ ಅವು ಬರೀ ಚುಕ್ಕೆ. ರಾತ್ರಿ ಪಾಳಿಯಲ್ಲಿ ಅಂಥ ಚುಕ್ಕೆ ಕಂಡರೆ ಕಸ್ಟಮ್ಸ್‌ನವರಿಗೊಂದು ಫೋನ್, ಬಂದರಿನವರಿಗೆ ಇನ್ನೊಂದು, ದೋಣಿಯ ನೋಂದಣಿ ಕೇಳಲು ಮೀನುಗಾರಿಕೆ ಇಲಾಖೆಗೆ ಮತ್ತೊಂದು. ಅಷ್ಟರಲ್ಲಿ ದೋಣಿ ಎಷ್ಟು ದೂರ ಹೋಗಿರುತ್ತದೆ, ಊಹಿಸಿ.

2008ರ ನವೆಂಬರ್‌ನಲ್ಲಿ ಉಗ್ರರು ಮುಂಬೈಯತ್ತ ಬಂದದ್ದು ನಮ್ಮದೇ ಮೀನುಗಾರಿಕೆ ದೋಣಿ ‘ಕುಬೇರ್’ ಅನ್ನು ವಶಪಡಿಸಿಕೊಂಡು. 2009ರಲ್ಲಿ ಕಡಲ ಭದ್ರತೆಯ ಒಟ್ಟಾರೆ ಹೊಣೆ ನೌಕಾಪಡೆಗೆ ಬಂತು. 2019ರಲ್ಲಿ ಎಲ್ಲ ಇಲಾಖೆಗಳೂ ಸೇರಿ ಕರಾವಳಿ ರಕ್ಷಣೆಯನ್ನು ಪರೀಕ್ಷಿಸುವ ‘ಸೀ ವಿಜಿಲ್’ ಕವಾಯತು ಶುರುವಾಯಿತು. ಇವೆಲ್ಲ ನಿಜಕ್ಕೂ ದೊಡ್ಡ ಕೆಲಸಗಳೇ. ಆದರೆ ರಾಷ್ಟ್ರೀಯ ಕಡಲ ಭದ್ರತಾ ಸಂಯೋಜಕರ ನೇಮಕಕ್ಕೆ 2022ರ ತನಕ ಕಾಯಬೇಕಾಯಿತು ಅಲ್ವಾ?

ಹೊಣೆ ಒಬ್ಬರದು ಎಂದ ಮಾತ್ರಕ್ಕೆ ಉಳಿದವರೆಲ್ಲ ಅವರ ಕೈಕೆಳಗೆ ಬರುವುದಿಲ್ಲ. ಕರಾವಳಿ ಪೊಲೀಸರು ರಾಜ್ಯ ಸರ್ಕಾರಕ್ಕೆ, ಕಸ್ಟಮ್ಸ್‌ನವರು ಹಣಕಾಸು ಸಚಿವಾಲಯಕ್ಕೆ, ಕರಾವಳಿ ಕಾವಲು ಪಡೆ ರಕ್ಷಣಾ ಸಚಿವಾಲಯಕ್ಕೆ ಸೇರಿದವರು. ಇಲ್ಲಿ ಸುಮ್ನೆ ಆದೇಶ ಹೊರಡಿಸಿದರೆ ಕೆಲಸ ಸಾಗದು. ಬೇರೆ ಇಲಾಖೆಯವರನ್ನು ಒಪ್ಪಿಸಿ ಜೊತೆಗೆ ಕರೆದೊಯ್ಯುವ ಅಧಿಕಾರಿ ಬೇಕು. ಅದಕ್ಕೆ ವರ್ಷಗಳ ಪರಿಚಯ ಬೇಕು. ಪರಿಚಯವಾಗುವಷ್ಟರಲ್ಲಿ ವರ್ಗಾವಣೆ ಮಾಡಿದರೆ ಹೇಗೆ?

ಇಂಥ ಕೊಠಡಿಗಳ ಮುಖ್ಯಸ್ಥರನ್ನು ಕನಿಷ್ಠ ನಾಲ್ಕು ವರ್ಷ ಅಲ್ಲೇ ಉಳಿಸಿ. ಜಂಟಿ ಕವಾಯತಿನ ನೇತೃತ್ವವನ್ನು ಆಗಾಗ ಕರಾವಳಿ ಪೊಲೀಸರಿಗೂ ಕೊಟ್ಟು ನೋಡಿ. ಕವಾಯತು ಮುಗಿದ ಮೇಲೆ ಎಲ್ಲ ಇಲಾಖೆಯವರೂ ಒಂದೇ ಮೇಜಿನ ಸುತ್ತ ಕೂತು, ಯಾವ ಸಂದೇಶ ಎಲ್ಲಿ ತಡವಾಯಿತೆಂದು ಮುಚ್ಚುಮರೆಯಿಲ್ಲದೆ ಮಾತಾಡಲಿ. ಆ ಸಭೆಗೆ ಮೀನುಗಾರರನ್ನೂ ಕರೆಯಲಿ.

– ನಿವೃತ್ತ ನಿಯಂತ್ರಣ ಕೊಠಡಿ ಸಿಬ್ಬಂದಿ