ಗಂಟಲಿಗೆ ಗಂಟು ಬಿದ್ದ ಮಗಳಿಗೊಂದು ಪತ್ರ

ಪುಟ್ಟಿ,

ಗಂಟಲಲ್ಲಿ ಸಣ್ಣ ಗಂಟಿದೆ, ಎರಡು ತಿಂಗಳು ಹಾಡಬಾರದು ಅಂದರಂತೆ ಡಾಕ್ಟರು. ನೀನು ತಂಬೂರಿಗೆ ಗವಸು ಹಾಕಿ ಮೂಲೆಗಿಟ್ಟೆ ಅಂತ ಅಮ್ಮ ಹೇಳಿದಳು. ಫೋನಿನಲ್ಲಿ ನನಗೆ ಮಾತೇ ಹೊರಡಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ರಾತ್ರಿ ನಾನು ಕೇಳುತ್ತಿರುತ್ತೇನಲ್ಲ, ಇಟಲಿಯ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಗಾಯಕ ಪವರೋಟ್ಟಿ? ಅವರಿಗೂ ಶುರುವಿನಲ್ಲೇ ಸ್ವರತಂತುವಿನ ಮೇಲೆ ಗಂಟು ಬಂದಿತ್ತು. ಒಂದು ಕಛೇರಿ ಎಷ್ಟು ಕೆಟ್ಟಿತೆಂದರೆ, ಇನ್ನು ಹಾಡುವುದೇ ಬೇಡ ಅಂತ ತೀರ್ಮಾನಿಸಿಬಿಟ್ಟರು. ಆಮೇಲೆ ಆ ಗಂಟು ಹೋಯಿತು. 1961ರಲ್ಲಿ ರೆಜ್ಜೊ ಎಮಿಲಿಯಾ ಎಂಬ ಊರಿನಲ್ಲಿ ಮೊದಲ ಒಪೆರಾ ಹಾಡಿದಾಗ ಅವರಿಗೆ 25 ವರ್ಷ.

ಅವರ ಮೊದಲ ಗುರು ಅರ್ರಿಗೊ ಪೋಲಾ. ಬಡ ಹುಡುಗ ಅಂತ ಸಂಬಳ ತೆಗೆದುಕೊಳ್ಳಲಿಲ್ಲ. ತಿಂಗಳುಗಟ್ಟಲೆ ಬರೀ ಆ, ಎ, ಇ ಸ್ವರಗಳನ್ನೇ ಹಾಡಿಸಿದರು. ನಮ್ಮ ಆಕಾರ ಸಾಧನೆ ಇದ್ದ ಹಾಗೇ, ಅಲ್ವಾ?

ನನಗೆ ಜಾಸ್ತಿ ಇಷ್ಟವಾದದ್ದು 1965ರ ಸಂಗತಿ. ಅಷ್ಟು ಹೊತ್ತಿಗೆ ಅವರು ಲಂಡನ್ನಿನಲ್ಲೂ ಹಾಡಿ ಬಂದಿದ್ದರು. ಆಸ್ಟ್ರೇಲಿಯಾ ಪ್ರವಾಸದಲ್ಲಿ ಒಪೆರಾ ಗಾಯಕಿ ಜೋನ್ ಸದರ್ಲೆಂಡ್ ಜೊತೆ ಹಾಡಬೇಕಿತ್ತು. ದಿನಾ ರಾತ್ರಿ ಹಾಡಿದರೂ ಆಕೆಯ ದನಿ ದಣಿಯುತ್ತಿರಲಿಲ್ಲ. ಹೇಗೆ ಅಂತ ತಿಳಿಯಲು ಪವರೋಟ್ಟಿ ಆಕೆಯ ಪಕ್ಕೆಲುಬಿನ ಕೆಳಗೆ, ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದರು. ಹಾಡುವಾಗ ಆ ಜಾಗ ಗಟ್ಟಿಯಾಗಿ ಉಸಿರನ್ನು ಹಿಡಿದಿಟ್ಟು ಸ್ವಲ್ಪ ಸ್ವಲ್ಪವೇ ಬಿಡುತ್ತಿತ್ತು. ಭಾರವೆಲ್ಲ ಅಲ್ಲಿ. ಗಂಟಲು ಹಗುರ. ವೃತ್ತಿಗೆ ಬಂದ ಮೇಲೂ ಹೀಗೆ ಉಸಿರಾಡುವುದನ್ನು ಮತ್ತೆ ಕಲಿತರು ಪುಟ್ಟಿ. 1972ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಒಂದೇ ಹಾಡಿನಲ್ಲಿ ಒಂಬತ್ತು ಸಲ ಹೈ ಸಿ ಎಂಬ ತೀರಾ ಎತ್ತರದ ಸ್ವರ ಮುಟ್ಟಿದ್ದು ಇದೇ ಉಸಿರಿನ ಬಲದಿಂದ.

ಇನ್ನೊಂದು ಮಾತು. ಅವರ ಅಪ್ಪ ಫೆರ್ನಾಂಡೊ, ಇಟಲಿಯ ಮೊಡೆನಾ ಊರಿನಲ್ಲಿ ಬೇಕರಿ ಕೆಲಸ ಮಾಡುತ್ತಿದ್ದವರು. ಒಳ್ಳೆಯ ಕಂಠ, ಆದರೆ ಜನರೆದುರು ಹಾಡಲು ವಿಪರೀತ ಅಂಜಿಕೆ. 1955ರಲ್ಲಿ ಊರಿನ ಗಾಯನ ತಂಡದ ಜೊತೆ ಅಪ್ಪ, ಮಗ ಇಬ್ಬರೂ ಬ್ರಿಟನ್ನಿನ ವೇಲ್ಸ್‌ಗೆ ಹೋಗಿ ಸ್ಪರ್ಧೆಯಲ್ಲಿ ಹಾಡಿದರು. ತಂಡಕ್ಕೆ ಮೊದಲ ಬಹುಮಾನ ಬಂತು. ಗುಂಪಿನಲ್ಲಿ ಮಗನೂ ನಿಂತಿದ್ದಾನೆ ಅಂದಾಗ ಆ ಅಪ್ಪನ ಅಂಜಿಕೆ ಎಷ್ಟು ಇಳಿದಿತ್ತೋ ಅಂತ ಆಗಾಗ ಯೋಚಿಸುತ್ತೇನೆ.

ಭಾನುವಾರ ಬರುತ್ತೇನೆ. ಗವಸು ತೆಗೆದು ತಂಬೂರಿ ನಾನೇ ಮೀಟುತ್ತೇನೆ. ನೀನು ಹಾಡಬೇಡ. ಹೊಟ್ಟೆಯ ಮೇಲೆ ಕೈಯಿಟ್ಟು, ಪಕ್ಕದಲ್ಲಿ ಸುಮ್ನೆ ಕೂತು ಉಸಿರಾಡು.

ಅಪ್ಪ