ನೀನು ಹೂಂ ಅನ್ನುವ ಮುಂಚೆ

ಶಿವಮೊಗ್ಗ

ಚಿ. ಸೌ. ಮಗಳಿಗೆ ಅಮ್ಮನ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ ಅಪ್ಪನಿಗೆ ಮೂತ್ರಪಿಂಡ ಕೊಡುವ ಮಾತು ಬಂದಾಗ ನೀನು “ನೀನು ಕೊಡಬಹುದು, ನಾನು ಕೊಡಬಾರದೇ?” ಎಂದು ಕೇಳಿ ಮಾತು ನಿಲ್ಲಿಸಿಬಿಟ್ಟೆ. ಬಾಯಲ್ಲಿ ಹೇಳಹೋದರೆ ಇಬ್ಬರೂ ಜಗಳಕ್ಕೆ ಬೀಳುತ್ತೇವೆಂದು ಬರೆಯಲು ಕುಳಿತಿದ್ದೇನೆ. ಅಪ್ಪ ಡಯಾಲಿಸಿಸ್ ಮುಗಿಸಿ ಬಂದು ಮಲಗಿದ್ದಾರೆ. ನೀನು ರಕ್ತಪರೀಕ್ಷೆ ಮಾಡಿಸಿಕೊಂಡಿರುವ ವಿಷಯ ಅವರಿಗಿನ್ನೂ ತಿಳಿಯದು.

ನಿನ್ನ ಮಾತು ಕೇಳಿ ನನಗೆ ಹೆಮ್ಮೆಯಾಗಲಿಲ್ಲವೆಂದು ಎಣಿಸಬೇಡ. ಹೆಮ್ಮೆಯ ಬೆನ್ನಿಗೇ ಸಿಟ್ಟೂ ಬಂತು, ಆದರೆ ಅದು ನಿನ್ನ ಮೇಲಿನ ಸಿಟ್ಟಲ್ಲ. “ಗಂಡನ ಮನೆಯವರನ್ನು ಕೇಳಿದ್ದೀಯಾ?” ಎಂದು ನಿನ್ನ ಅಜ್ಜಿಯ ಧಾಟಿಯಲ್ಲಿ ಕೇಳಿಬಿಟ್ಟೆನಲ್ಲ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ, ಕ್ಷಮಿಸು.

2015ರಲ್ಲಿ ನನ್ನದೊಂದು ಮೂತ್ರಪಿಂಡವನ್ನು ಅಪ್ಪನಿಗೆ ಕಸಿ ಮಾಡುವ ಮುಂಚೆ ಆಸ್ಪತ್ರೆಯ ಸಮಿತಿಯವರು ನನ್ನೊಬ್ಬಳನ್ನೇ ಒಳಗೆ ಕರೆದು ಕೂರಿಸಿದ್ದರು. ಮದುವೆಯ ಫೋಟೊ, ರೇಷನ್ ಕಾರ್ಡು, ನಿಮ್ಮಿಬ್ಬರ ಜನನ ಪ್ರಮಾಣಪತ್ರ ಎಲ್ಲವನ್ನೂ ನೋಡಿದ ಮೇಲೆ ಒಬ್ಬರು “ನಿಮ್ಮ ಮೇಲೆ ಯಾರಾದರೂ ಒತ್ತಾಯ ಮಾಡಿದ್ದಾರೆಯೇ?” ಎಂದು ಕೇಳಿದರು. “ಇಲ್ಲ” ಎಂದೆ. ಅದು ನಿಜವೇ ಆಗಿತ್ತು, ಯಾರೂ ಒತ್ತಾಯ ಮಾಡಿರಲಿಲ್ಲ. ಆದರೆ ಅದಕ್ಕೆ ಕೆಲವು ವಾರ ಮೊದಲು ಡಾಕ್ಟರು “ಮನೆಯಲ್ಲಿ ಯಾರು ಕೊಡಬಹುದು?” ಎಂದು ಕೇಳಿದಾಗ ನಿನ್ನ ಅಜ್ಜಿ, ಚಿಕ್ಕಪ್ಪ, ಕೊನೆಗೆ ಅಪ್ಪ ಕೂಡ ನನ್ನ ಕಡೆ ನೋಡಿದ್ದನ್ನು ಆ ಸಮಿತಿಯವರು ಕಂಡಿರಲಿಲ್ಲ. ಚಿಕ್ಕಪ್ಪನ ರಕ್ತದ ಗುಂಪೂ ಅಪ್ಪನದೇ. ಸಕ್ಕರೆ ಕಾಯಿಲೆಯಾಗಲಿ ರಕ್ತದೊತ್ತಡವಾಗಲಿ ಅವನಿಗೆ ಇರಲಿಲ್ಲ, ರಕ್ತದಾನ ಶಿಬಿರಗಳಿಗೆ ತಪ್ಪದೆ ಹೋಗುತ್ತಿದ್ದವನು. ಅವನನ್ನು ಯಾರೂ ಕೇಳಲಿಲ್ಲ. “ಅವನು ದುಡಿಯುವ ಗಂಡಸು” ಎಂದು ಅಜ್ಜಿ ಅಂದರು. ನಾನೂ ಪ್ರೌಢಶಾಲೆಯಲ್ಲಿ ಪಾಠ ಮಾಡಿ ಸಂಬಳ ತರುತ್ತಿದ್ದೆ ಎಂಬುದು ಆ ಹೊತ್ತಿನಲ್ಲಿ ಯಾರಿಗೂ ನೆನಪಾಗಲಿಲ್ಲ, ಮಗಳೇ.

ಕೇಳಿದ್ದರೂ ನಾನು ಕೊಡುತ್ತಿದ್ದೆ. ಇವತ್ತು ಕೇಳಿದರೂ ಕೊಟ್ಟೇನು, ಇನ್ನೊಂದಿದ್ದರೆ. ಆದರೆ ಚಿಕ್ಕಪ್ಪನನ್ನು ಕೇಳಿ, ಅವನು ಆಗದು ಎಂದ ಮೇಲೆ ನಾನು ಕೊಡುವುದಕ್ಕೂ, ಯಾರನ್ನೂ ಕೇಳದೆಯೇ ಅದು ನನ್ನ ಪಾಲಿಗೆ ಬರುವುದಕ್ಕೂ ವ್ಯತ್ಯಾಸವಿದೆ. ಕೇಂದ್ರ ಸರ್ಕಾರದ 2014ರ ಅಂಗಾಂಗ ಕಸಿ ನಿಯಮಗಳಲ್ಲಿ, ದಾನಿ ಹೆಣ್ಣಾಗಿದ್ದರೆ ಹೆಚ್ಚಿನ ಎಚ್ಚರಿಕೆ ವಹಿಸಬೇಕು, ಅವಳ ಸ್ವತಂತ್ರ ಒಪ್ಪಿಗೆಯನ್ನು ಅಂಗ ಪಡೆಯುವವರಲ್ಲದ ಬೇರೊಬ್ಬರಿಂದ ಖಚಿತಪಡಿಸಿಕೊಳ್ಳಬೇಕು ಎಂದಿರುವುದನ್ನು ನಾನು ಎಷ್ಟೋ ಕಾಲದ ಮೇಲೆ ಓದಿದೆ. ಸುಮ್ಮನೆ ಬರೆದ ಮಾತಲ್ಲ ಅದು. 2023ರಲ್ಲಿ ನಮ್ಮ ದೇಶದಲ್ಲಿ ಬದುಕಿದ್ದಾಗಲೇ ಅಂಗ ಕೊಟ್ಟವರಲ್ಲಿ ಹೆಂಗಸರು 9,784 ಮಂದಿ, ಗಂಡಸರು 5,651 ಮಂದಿ. ಪಡೆದವರ ಲೆಕ್ಕ ತೆಗೆದರೆ ಗಂಡಸರದೇ ದೊಡ್ಡ ಪಾಲು. ಅಷ್ಟು ಮಂದಿ ಹೆಂಗಸರೂ ನನ್ನ ಹಾಗೆ “ಇಲ್ಲ, ಒತ್ತಾಯವಿಲ್ಲ” ಎಂದೇ ಹೇಳಿರಬೇಕು.

ಈಗ ನಾನು ಕೊಟ್ಟದ್ದು ಸೋತು, ಅದೇ ನಿನ್ನ ಸರದಿಗೆ ಬಂದು ನಿಂತಿದೆ. ಅಣ್ಣನನ್ನು ಕೇಳೋಣವೇ ಎಂದದ್ದಕ್ಕೆ “ಅವನಿಗೆ ಇಬ್ಬರು ಮಕ್ಕಳಿದ್ದಾರೆ, ಬಿಡಮ್ಮ” ಎಂದು ಅವನ ಪರವಾಗಿ ನೀನೇ ಉತ್ತರ ಕೊಟ್ಟೆ. ನಿನಗಿನ್ನೂ ಮಕ್ಕಳಾಗಿಲ್ಲ ಎಂಬುದು ಕೊಡುವುದಕ್ಕೆ ಹೇಗೆ ಕಾರಣವಾಗುತ್ತದೆ? ಒಂದು ಮೂತ್ರಪಿಂಡ ಕೊಟ್ಟ ಹೆಣ್ಣುಮಕ್ಕಳು ಮುಂದೆ ಬಸಿರಾದಾಗ ರಕ್ತದೊತ್ತಡ ಏರುವ ಸಂಭವ ಉಳಿದವರಿಗಿಂತ ಹೆಚ್ಚು. ಬಹುಪಾಲು ಹೆರಿಗೆಗಳು ಸುಸೂತ್ರವಾಗಿಯೇ ಆಗುತ್ತವೆ, ನಿನ್ನನ್ನು ಹೆದರಿಸಲು ಹೇಳುತ್ತಿಲ್ಲ. ಆದರೆ ಇದನ್ನು ನಿನ್ನ ಡಾಕ್ಟರ ಬಾಯಿಂದ, ಅಳಿಯಂದಿರ ಎದುರಿಗೆ ಕೇಳಿಸಿಕೊಳ್ಳದೆ ಮುಂದುವರಿಯಬೇಡ.

ಇನ್ನೊಂದು ವಿಷಯವನ್ನು ನೀನು ಯೋಚಿಸಿರಲಾರೆ, ಡಾಕ್ಟರು ಹೇಳುವವರೆಗೆ ನನಗೂ ಹೊಳೆದಿರಲಿಲ್ಲ. ಅಪ್ಪನ ದೇಹ ಇಷ್ಟು ವರ್ಷ ಒಳಗಿಟ್ಟುಕೊಂಡಿದ್ದ ನನ್ನ ಮೂತ್ರಪಿಂಡವನ್ನು ಈಗ ಅನ್ಯವೆಂದು ಗುರುತಿಸಿ ಅದರ ವಿರುದ್ಧ ಹೋರಾಡುವ ಪ್ರತಿಕಾಯಗಳನ್ನು ರಕ್ತದಲ್ಲಿ ಕಟ್ಟಿಕೊಂಡಿದೆ. ನಿನ್ನ ಅಂಗಾಂಶದ ಗುರುತುಗಳಲ್ಲಿ ಅರ್ಧ ಅಪ್ಪನದು, ಅರ್ಧ ನನ್ನದು. ಆ ನನ್ನ ಅರ್ಧವನ್ನೇ ಅವರ ರಕ್ತ ಮತ್ತೆ ಗುರುತು ಹಿಡಿಯಬಹುದಂತೆ. ಅಣ್ಣನಿಗೂ ಇದೇ ಮಾತು, ಆದರೆ ನನ್ನಿಂದ ಅವನಿಗೆ ಬಂದ ಪಾಲು ನಿನಗೆ ಬಂದ ಪಾಲಿಗಿಂತ ಬೇರೆಯಿದ್ದರೂ ಇರಬಹುದು. ಆದ್ದರಿಂದ ರಕ್ತದ ಗುಂಪು ಹೊಂದಿತು ಎಂದ ಮಾತ್ರಕ್ಕೆ ಕೆಲಸವಾಗದು, ಇಬ್ಬರ ರಕ್ತವನ್ನೂ ಬೆರೆಸಿ ನೋಡುವ ಕ್ರಾಸ್‌ಮ್ಯಾಚ್ ಆಗಬೇಕು, ಪ್ರತಿಕಾಯಗಳ ಪರೀಕ್ಷೆ ಆಗಬೇಕು. ಹೊಂದದಿದ್ದರೆ, ನಮ್ಮಂತೆಯೇ ಹೊಂದದ ಇನ್ನೊಂದು ಕುಟುಂಬದೊಡನೆ ದಾನಿಗಳನ್ನು ಅದಲುಬದಲು ಮಾಡಿಕೊಳ್ಳಲು ಕಾನೂನಿನಲ್ಲಿ ಈಗ ಅವಕಾಶವಿದೆ.

ನಾನು ಮಾತ್ರೆ ವಿಷಯದಲ್ಲಿ ಅಸಡ್ಡೆ ಮಾಡಿದೆನೇ ಎಂದು ನಿನ್ನ ಮನಸ್ಸಿನಲ್ಲಿ ಬಂದಿರಬಹುದು. ಬೆಳಿಗ್ಗೆ ಎಂಟು, ರಾತ್ರಿ ಎಂಟು, ಕಸಿಯನ್ನು ದೇಹ ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೋಲಿಮಸ್ ಒಂದು ಹೊತ್ತೂ ತಪ್ಪಿಲ್ಲ. ಆ ಮಾತ್ರೆಗೂ ಚಕ್ಕೋತಕ್ಕೂ ಆಗದೆಂದು ಹಿತ್ತಲಿನ ಮರದ ಹಣ್ಣೆಲ್ಲ ನೆರೆಮನೆಗೆ ಹೋಯಿತು. ಆದರೂ ಕಸಿಯಾದ ಮೂತ್ರಪಿಂಡ ಸವೆಯುತ್ತದೆ, ಅದಕ್ಕೆ ಜೀವನಪರ್ಯಂತದ ಖಾತ್ರಿ ಯಾರೂ ಕೊಡುವುದಿಲ್ಲ. ಮೂತ್ರಪಿಂಡ ಸೋತಂತೆ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಏರುತ್ತಾ ಹೋಯಿತು, ಈಗ ವಾರಕ್ಕೆ ಮೂರು ಬಾರಿ ನಾಲ್ಕು ನಾಲ್ಕು ಗಂಟೆ ಯಂತ್ರದ ಪಕ್ಕ. ಎಳನೀರಿಲ್ಲ, ಬಾಳೆಹಣ್ಣಿಲ್ಲ. ತರಕಾರಿಯನ್ನು ಹೆಚ್ಚಿ ನೆನೆಸಿ, ಬೇಯಿಸಿದ ನೀರು ಚೆಲ್ಲಿ, ರುಚಿಯೇ ಉಳಿಯದ ಪಲ್ಯವನ್ನು ಬಡಿಸಿದರೆ ಅವರು ಒಂದು ಮಾತೂ ಆಡದೆ ಉಣ್ಣುತ್ತಾರೆ. ಅದನ್ನು ನೋಡಲಾರದೆಯೇ ನೀನು ಹೂಂ ಅಂದೆ ಎಂದು ನನಗೆ ಗೊತ್ತು.

ಹಾಗಾದರೆ ಬೇರೆ ದಾರಿ ಯಾವುದು ಎನ್ನುವೆ. ಸತ್ತವರಿಂದ ಬರುವ ಅಂಗಾಂಗಗಳನ್ನು ಸರದಿಯಂತೆ ಹಂಚುವ ರಾಜ್ಯ ಸರ್ಕಾರದ ಸಂಸ್ಥೆ ಜೀವಸಾರ್ಥಕತೆಯಲ್ಲಿ, ಆಸ್ಪತ್ರೆಯ ಮೂಲಕ ಅಪ್ಪನ ಹೆಸರು ನೋಂದಾಯಿಸಲು ಅರ್ಜಿ ಕೊಟ್ಟಿದ್ದೇನೆ. ಸರದಿ ಎಂದು ಬರುವುದೋ ಹೇಳಲಾಗದು, ಏಕೆಂದರೆ ಕೊಡುವವರು ಅಷ್ಟು ಕಡಿಮೆ. 2023ರಲ್ಲಿ ದೇಶದಲ್ಲಿ 18,378 ಅಂಗಾಂಗ ಕಸಿಗಳಾದವು, ಆದರೆ ಸತ್ತ ಮೇಲೆ ಅಂಗಾಂಗ ಕೊಟ್ಟವರು 1,099 ಮಂದಿ ಮಾತ್ರ, ಅವರಲ್ಲಿ 178 ಮಂದಿ ಕರ್ನಾಟಕದವರು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳು ನಾಲ್ವರಿಗೆ ಬೆಳಕಾದ ಮೇಲೆ ಊರೂರಲ್ಲಿ ಜನ ನೇತ್ರದಾನಕ್ಕೆ ಸಾಲುಗಟ್ಟಿದರು, ಒಳ್ಳೆಯದೇ ಆಯಿತು. ಆದರೆ ಕಣ್ಣನ್ನು ಮನೆಯಲ್ಲಿ ತೀರಿಕೊಂಡವರಿಂದಲೂ ಕೆಲವು ಗಂಟೆಗಳೊಳಗೆ ತೆಗೆಯಬಹುದು. ಮೂತ್ರಪಿಂಡದ ವಿಷಯ ಹಾಗಲ್ಲ. ಇಲ್ಲಿ ಅದು ಸಿಗುವುದು ಹೆಚ್ಚಾಗಿ ತುರ್ತುನಿಗಾ ಘಟಕದಲ್ಲಿ ಮಿದುಳು ನಿಷ್ಕ್ರಿಯವಾಗಿ, ವೆಂಟಿಲೇಟರಿನ ಆಸರೆಯಲ್ಲಿ ಎದೆ ಇನ್ನೂ ಬಡಿಯುತ್ತಿರುವವರಿಂದ. ನಾಲ್ವರು ವೈದ್ಯರ ತಂಡ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ದೃಢಪಡಿಸಬೇಕು, ಆಮೇಲೆ ಮನೆಯವರು ಒಪ್ಪಬೇಕು. ಮೈ ಬೆಚ್ಚಗಿರುವ ಮಗನನ್ನು ಸತ್ತಿದ್ದಾನೆಂದು ನಂಬಿ ಸಹಿ ಹಾಕುವುದು ಯಾವ ತಾಯಿಗೆ ಸುಲಭ? 2021ರ ಜೂನ್‌ನಲ್ಲಿ, ಬೈಕ್ ಅಪಘಾತದಲ್ಲಿ ಮಿದುಳು ನಿಷ್ಕ್ರಿಯವಾದ ನಟ ಸಂಚಾರಿ ವಿಜಯ್ ಅವರ ಮನೆಯವರು ಆ ಸಂಕಟದಲ್ಲೂ ಒಪ್ಪಿದರು. ಈಗ ಬೆಳಿಗ್ಗೆ ಪತ್ರಿಕೆಯಲ್ಲಿ ಬೈಕ್ ಅಪಘಾತದ ಸುದ್ದಿ ಕಂಡರೆ ನನ್ನ ಮನಸ್ಸು ಎತ್ತ ಹೋಗುತ್ತದೆಂದು ಬರೆಯಲು ನಾಚಿಕೆಯಾಗುತ್ತದೆ.

ಪಾಠ ಮಾಡಿದಂತಾಯಿತೇನೋ, ಮೇಷ್ಟ್ರಮ್ಮನ ಚಾಳಿ. ಕೊಡಬೇಡವೆಂದು ನಾನು ಹೇಳುತ್ತಿಲ್ಲ. ಪರೀಕ್ಷೆಗಳೆಲ್ಲ ಮುಗಿದು, ಅಣ್ಣನೂ ಚಿಕ್ಕಪ್ಪನೂ ತಮ್ಮ ಬಾಯಿಂದಲೇ ಉತ್ತರ ಕೊಟ್ಟ ಮೇಲೂ ನಿನಗೆ ಕೊಡಬೇಕೆನಿಸಿದರೆ ನಿನ್ನ ಹಾಸಿಗೆಯ ಪಕ್ಕ ಕೂರುವವಳು ನಾನೇ. ನಡುವೆ ಯಾವಾಗ ಬೇಕಾದರೂ ಬೇಡವೆನ್ನುವ ಹಕ್ಕು ನಿನಗಿದೆ, ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆಯೂ ಇದೆ, ಹಾಗೆ ಹೇಳಿದರೆ ಈ ಮನೆಯಲ್ಲಿ ಒಬ್ಬರೂ ತುಟಿ ಬಿಚ್ಚದಂತೆ ನೋಡಿಕೊಳ್ಳುತ್ತೇನೆ.

ಅಣ್ಣನಿಗೆ ಬೆಳಿಗ್ಗೆ ಫೋನ್ ಮಾಡಿ ನೇರವಾಗಿಯೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅತ್ತಿಗೆಯ ಹತ್ತಿರ ಮಾತಾಡಿ ಹೇಳುತ್ತೇನೆಂದ. ಅವನನ್ನು ಹಂಗಿಸಬೇಡ. ಚಿಕ್ಕಪ್ಪನನ್ನು ಭಾನುವಾರ ಊಟಕ್ಕೆ ಕರೆದಿದ್ದೇನೆ, ಊಟದ ಮೇಲೆ ಅವನನ್ನೂ ಕೇಳುತ್ತೇನೆ. ವಯಸ್ಸಾಯಿತು, ಅವನಿಂದ ಈಗ ಆಗಲಿಕ್ಕಿಲ್ಲ, ಆದರೂ ಕೇಳುತ್ತೇನೆ. ನೀನು ಶನಿವಾರವೇ ಬಾ, ಅಳಿಯಂದಿರನ್ನೂ ಕರೆದುಕೊಂಡು ಬಾ. ನಿನ್ನ ವರದಿಗಳ ಮೂಲಪ್ರತಿ ತರಲು ಮರೆಯಬೇಡ, ಅಪ್ಪನಿಗೆ ವಿಷಯವನ್ನು ನೀನೇ ಹೇಳು.

ಇಂತಿ,
ನಿನ್ನ ಅಮ್ಮ