ಹವಳದ ಕಲ್ಲಿಗೆ ಕುದಿಯುವ ನೀರು ಬೇಡ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಮನೆಯೊಳಗಿನ ಹವಳದ ತೊಟ್ಟಿಗಳ ಬಗ್ಗೆ ಬಂದ ಬರಹವನ್ನು ಸಂತೋಷದಿಂದಲೇ ಓದಲು ಕುಳಿತೆ. ಉಪ್ಪುನೀರಿನ ಅಕ್ವೇರಿಯಂ ಕುರಿತು ಕನ್ನಡದಲ್ಲಿ ಓದಲು ಸಿಗುವುದೇ ಅಪರೂಪ. ಆದರೆ ಮೂರನೆಯ ಪ್ಯಾರಾಕ್ಕೆ ಬಂದಾಗ ಎದೆ ಧಸಕ್ಕೆಂದಿತು. ಹೊಸದಾಗಿ ತಂದ ಕಲ್ಲಿನ ಮೇಲೆ ಬೇಡದ ಜೀವಿಗಳು ಕಂಡರೆ ಅದನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದರೆ ಸಾಕು ಎಂದು ಅಲ್ಲಿ ಬರೆದಿದೆ. ದಯವಿಟ್ಟು ಯಾರೂ ಹಾಗೆ ಮಾಡಬಾರದು.

ಅಂಥ ಕಲ್ಲಿನ ಮೇಲೆ ಅಂಗಿಯ ಗುಂಡಿಯಷ್ಟಗಲದ, ಅಂಚಿನಲ್ಲಿ ಕುಚ್ಚಿನಂತೆ ಸಣ್ಣ ಎಳೆಗಳಿರುವ ಪಾಲಿಪ್‌ಗಳು, ಅಂದರೆ ಹವಳದ ಜಾತಿಗೆ ಹತ್ತಿರದ ಪುಟ್ಟ ಮೃದು ಜೀವಿಗಳು, ಗುಂಪುಗುಂಪಾಗಿ ಅಂಟಿಕೊಂಡು ಬರುತ್ತವೆ. ಕೆಲವು ಕಂದು, ಕೆಲವು ಕಣ್ಣು ಕೋರೈಸುವ ಹಸಿರು. ಇವು ಪಾಲಿಥೋವಾ ಮತ್ತು ಜೋಯಾಂಥಸ್ ಎಂಬ ಕುಲಗಳವು. ಇವುಗಳಲ್ಲಿ ಕೆಲವದರ ಮೈಯಲ್ಲಿ ಪ್ಯಾಲಿಟಾಕ್ಸಿನ್ ಇರುತ್ತದೆ. ಹವಾಯಿಯ ಮಾವಿ ದ್ವೀಪದ ಹಾನಾ ಎಂಬಲ್ಲಿ ಸ್ಥಳೀಯರು ‘ಸಾವಿನ ಪಾಚಿ’ ಎಂದು ಕರೆಯುತ್ತಿದ್ದ ಜೀವಿಯಿಂದ 1971ರಲ್ಲಿ ವಿಜ್ಞಾನಿಗಳು ಬೇರ್ಪಡಿಸಿದ ವಿಷ ಅದು. ಅತ್ಯಂತ ಘೋರ ವಿಷಗಳಲ್ಲಿ ಒಂದು. ಕುದಿಸಿದ ಮಾತ್ರಕ್ಕೆ ಅದು ನಾಶವಾಗುವುದಿಲ್ಲ, ಆವಿಯ ಹನಿಗಳ ಜೊತೆ ಗಾಳಿಗೆ ಸೇರುತ್ತದೆ. ಬಾಯಿಯಲ್ಲಿ ಕಹಿ ಲೋಹದ ರುಚಿ, ಕೆಮ್ಮು, ಉಸಿರಾಟದ ತೊಂದರೆ, ನಡುಕ, ಜ್ವರ, ಮೈಕೈ ನೋವು ಅದರ ಲಕ್ಷಣಗಳು. ಮನೆಯವರೆಲ್ಲ ಒಟ್ಟಿಗೆ ಆಸ್ಪತ್ರೆ ಸೇರಿದ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಇದಕ್ಕೆಂದೇ ಪ್ರತ್ಯೇಕ ಮದ್ದಿಲ್ಲ. ಗುಂಡಿಯಂಥ ಪಾಲಿಪ್ ಇರುವ ಕಲ್ಲನ್ನು ಮುಟ್ಟುವಾಗ ಕೈಗವಸು, ಕನ್ನಡಕ ಎರಡೂ ಇರಲಿ. ಬೆರಳಿನಲ್ಲಿ ಗಾಯವಿದ್ದರೆ ಮುಟ್ಟುವುದೇ ಬೇಡ. ಒಣ ಕಲ್ಲನ್ನು ಬ್ರಷ್ಷಿನಿಂದ ಉಜ್ಜುವುದೂ ಬೇಡ.

ನಾನು ಗಡಿಯಾರ ರಿಪೇರಿ ಮಾಡುವವನು. ಹನ್ನೊಂದು ವರ್ಷಗಳಿಂದ ಹವಳದ ತೊಟ್ಟಿ ಸಾಕುತ್ತಿದ್ದೇನೆ. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ನನ್ನ ಹೊಟ್ಟೆಪಾಡಿನ ಸಾಧನ. ಆದರೂ ಮೊದಲ ವರ್ಷ ಹೊಸ ಹವಳವನ್ನು ಅದರಡಿ ಹಿಡಿದು ನೋಡಬೇಕೆಂಬುದು ನನಗೆ ಹೊಳೆಯಲಿಲ್ಲ. ಆಗ ತಂದ ಸುತ್ತಿಗೆ ಹವಳದ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಎರಡು ಕಂದು ಹೂಗಳಿದ್ದವು. ಹವಳದ ಮರಿಗಳೇ ಇರಬೇಕೆಂದು ನಂಬಿ ಅವಕ್ಕೂ ಆಹಾರ ಹಾಕಿದೆ. ಅವು ಐಪ್ಟೇಸಿಯಾ ಎಂಬ ಕಡಲ ಹೂಗಳು, ಹೆಸರಿಗೆ ಹೂವಾದರೂ ಕುಟುಕುವ ಪ್ರಾಣಿಗಳು. ಗುರುತು ಹಿಡಿಯುವುದು ಕಷ್ಟವಲ್ಲ: ಗಾಜಿನಂತೆ ಪಾರದರ್ಶಕ ಕಾಂಡ, ತುದಿಗೆ ಹೋದಂತೆ ಚೂಪಾಗುವ ಎಳೆಗಳು, ಕಡ್ಡಿ ತಾಗಿಸಿದರೆ ಕ್ಷಣದಲ್ಲಿ ಬಿಲದೊಳಗೆ ಮಾಯ. ಸುತ್ತಿಗೆ ಹವಳ ಮುಟ್ಟಿದರೆ ನಿಧಾನವಾಗಿ ಸೆಳೆದುಕೊಳ್ಳುತ್ತದೆ, ಎಳೆಯ ತುದಿಯೂ ಚೂಪಾಗಿರದೆ ಸುತ್ತಿಗೆಯ ತಲೆಯಂತೆ ಅಡ್ಡಕ್ಕೆ ಅಗಲವಾಗಿರುತ್ತದೆ. ಸತ್ಯ ತಿಳಿದ ಮೇಲೆ ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು. ಚಿಮುಟದಿಂದ ಹಿಡಿದು ಕಿತ್ತೆ. ಬುಡದ ಚೂರು ಉಳಿದರೂ ಐಪ್ಟೇಸಿಯಾ ಮತ್ತೆ ಚಿಗುರುತ್ತದೆ, ಹರಿದ ತುಣುಕೂ ಹೊಸ ಹೂವಾಗಬಲ್ಲದು. ನಾಲ್ಕು ತಿಂಗಳಲ್ಲಿ ನಲವತ್ತಕ್ಕೂ ಹೆಚ್ಚು ಎಣಿಸಿದೆ. ಅವುಗಳ ಕುಟುಕಿಗೆ ಸಿಕ್ಕಿ ಸುತ್ತಿಗೆ ಹವಳದ ಒಂದೊಂದೇ ತಲೆ ಕರಗಿ, ಕೊನೆಗೆ ಬಿಳಿಯ ಅಸ್ಥಿ ಮಾತ್ರ ಉಳಿಯಿತು. ಆ ಅಸ್ಥಿಯನ್ನು ಇಂದಿಗೂ ನನ್ನ ಕೆಲಸದ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.

ಐಪ್ಟೇಸಿಯಾ ತಿನ್ನುತ್ತದೆಂದು ಪೆಪ್ಪರ್‌ಮಿಂಟ್ ಸಿಗಡಿ ಕೇಳಿದೆ. ಆ ಹೆಸರಿನಲ್ಲಿ ಬಂದದ್ದು ಒಂಟೆ ಸಿಗಡಿ. ಎರಡರ ಮೈಮೇಲೂ ಕೆಂಪು ಗೆರೆಗಳಿವೆ. ಪೆಪ್ಪರ್‌ಮಿಂಟ್‌ನ ಮೈ ಅರೆಪಾರದರ್ಶಕ, ಗೆರೆ ತೆಳು. ಒಂಟೆ ಸಿಗಡಿಗೆ ಬೆನ್ನ ಮೇಲೆ ಗೂನು, ದೊಡ್ಡ ಕಣ್ಣು, ಕೆಂಪಿನ ನಡುವೆ ಎದ್ದು ಕಾಣುವ ಬಿಳಿ ಪಟ್ಟೆಗಳು. ಅದು ಐಪ್ಟೇಸಿಯಾ ಕಡೆ ತಿರುಗಿಯೂ ನೋಡಲಿಲ್ಲ, ನನ್ನ ಜೋಯಾಂಥಸ್ ಪಾಲಿಪ್‌ಗಳನ್ನು ರಾತ್ರಿ ಹೊತ್ತು ತಿಂದಿತು. ಮಾರುವವರ ತಪ್ಪು ಒಂದು ಕಡೆ ಇರಲಿ, ಚೀಟಿಯಲ್ಲಿದ್ದ ಹೆಸರನ್ನು ಓದಿ ಪ್ರಾಣಿಯನ್ನು ನೋಡದೆ ಬಿಟ್ಟವನು ನಾನು.

ಈಗ ಯಾವ ಹೊಸ ಜೀವಿಯೂ ನೇರವಾಗಿ ದೊಡ್ಡ ತೊಟ್ಟಿಗೆ ಹೋಗುವುದಿಲ್ಲ. ಮೊದಲು ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಬುಡ, ಬಿರುಕು, ಅಡಿಭಾಗ ನೋಡುತ್ತೇನೆ. ಬಳಿಕ ಬಕೆಟ್ಟಿನಲ್ಲಿ ತೊಟ್ಟಿಯದೇ ನೀರು ತುಂಬಿ, ಹವಳಕ್ಕೆಂದೇ ಸಿಗುವ ದ್ರಾವಣವನ್ನು ಅದರ ಮೇಲೆ ಬರೆದ ಪ್ರಮಾಣದಲ್ಲಿ ಬೆರೆಸಿ ಅದ್ದುತ್ತೇನೆ. ಅದ್ದಿರುವಷ್ಟು ಹೊತ್ತೂ ಪಿಚಕಾರಿಯಿಂದ ನೀರು ಚಿಮ್ಮಿಸುತ್ತಿರಬೇಕು. ಕೊಂಬೆಗಳಂತೆ ಬೆಳೆಯುವ ಅಕ್ರೊಪೋರಾ ಹವಳವನ್ನು ತಿನ್ನುವ ಚಪ್ಪಟೆ ಹುಳು ಹವಳದ ಬಣ್ಣದಲ್ಲೇ ಇರುವುದರಿಂದ ಮೇಲೆ ಅಂಟಿಕೊಂಡಿರುವಾಗ ಕಾಣುವುದಿಲ್ಲ, ಬಕೆಟ್ಟಿನ ತಳಕ್ಕೆ ಬಿದ್ದು ಸುರುಳಿ ಸುತ್ತಿಕೊಂಡಾಗಲೇ ಕಾಣುತ್ತದೆ. ಬಳಸಿದ ನೀರು ಮತ್ತೆ ತೊಟ್ಟಿಗೆ ಹೋಗಬಾರದು.

ಒಂದು ಸಲ ಅದ್ದಿ ನಿಶ್ಚಿಂತೆಯಿಂದ ಇರುವವರನ್ನು ಕಂಡಿದ್ದೇನೆ. ದ್ರಾವಣ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಮೊಟ್ಟೆಗಳು ಹವಳದ ಬುಡದಲ್ಲಿ, ಜೀವವಿಲ್ಲದ ಬರಿಯ ಅಸ್ಥಿಯ ಮೇಲೆ, ಕಂದು ಚುಕ್ಕೆಗಳ ತೇಪೆಯಂತೆ ಇರುತ್ತವೆ. ಅದನ್ನು ಕೆರೆದು ತೆಗೆಯಬೇಕು, ಇಲ್ಲವೇ ಬುಡವನ್ನೇ ಕತ್ತರಿಸಿ ಹೊಸ ಬಿಲ್ಲೆಗೆ ಅಂಟಿಸಬೇಕು. ಉಳಿದದ್ದು ಒಡೆದು ಮರಿಯಾಗುವುದಕ್ಕೆ ವಾರಗಳೇ ಬೇಕು. ಹಾಗಾಗಿ ವಾರಕ್ಕೊಮ್ಮೆ ಅದ್ದುತ್ತ, ಐದಾರು ವಾರ ಬೇರೆ ಸಣ್ಣ ತೊಟ್ಟಿಯಲ್ಲಿ ಇಡುತ್ತೇನೆ. ರಾತ್ರಿ ದೀಪ ಆರಿಸಿ ಒಂದು ಗಂಟೆ ಕಳೆದ ಮೇಲೆ ಕೆಂಪು ಬೆಳಕಿನ ಟಾರ್ಚ್ ಹಿಡಿದು ನೋಡಿದರೆ ಹಗಲಿನಲ್ಲಿ ಅಡಗಿದ್ದ ಏಡಿ, ಹುಳು, ಬಸವನಹುಳು ಹೊರಗೆ ಬಂದಿರುತ್ತವೆ. ಮೈತುಂಬ ಬಿರುಸು ರೋಮವಿರುವ ಹುಳು ಕಂಡರೆ ಮಾತ್ರ ಗಾಬರಿ ಬೇಡ, ಅವುಗಳಲ್ಲಿ ಹೆಚ್ಚಿನವು ಕೊಳೆತದ್ದನ್ನು ತಿಂದು ತೊಟ್ಟಿ ಶುಚಿ ಮಾಡುವವು. ಬರಿಗೈಯಲ್ಲಿ ಮುಟ್ಟದಿದ್ದರೆ ಸಾಕು.

ಸಣ್ಣ ತೊಟ್ಟಿಯಲ್ಲಿರುವ ಆ ದಿನಗಳಲ್ಲಿ ಹವಳಕ್ಕೆ ಬೇಕಾದದ್ದು ಸ್ಥಿರತೆ. ಉಪ್ಪು ಸಾವಿರಕ್ಕೆ 35 ಭಾಗ, ತಾಪಮಾನ 25ರಿಂದ 26 ಡಿಗ್ರಿ ಸೆಲ್ಸಿಯಸ್, ಮಂದ ಬೆಳಕು. ಬೆಳಕನ್ನು ದಿನ ಬಿಟ್ಟು ದಿನ ಸ್ವಲ್ಪಸ್ವಲ್ಪವೇ ಏರಿಸಬೇಕು. ಮೊದಲ ಕೆಲವು ದಿನ ಪಾಲಿಪ್ ಮುಚ್ಚಿಕೊಂಡೇ ಇದ್ದರೆ ಸತ್ತಿತೆಂದು ತೆಗೆದು ಬಿಸಾಡಬೇಡಿ.

ಮೀನಿನ ವಿಷಯ ಒಂದೇ ಮಾತಿನಲ್ಲಿ ಹೇಳುತ್ತೇನೆ. ಬಿಳಿ ಚುಕ್ಕೆ ರೋಗಕ್ಕೆ ತಾಮ್ರದ ಮದ್ದು ಹಾಕುವುದಿದ್ದರೆ ಬೇರೆ ತೊಟ್ಟಿಯಲ್ಲೇ ಹಾಕಿ, ಅದು ಹವಳ, ಸಿಗಡಿ, ಬಸವನಹುಳುಗಳನ್ನು ಕೊಲ್ಲುತ್ತದೆ.

ಈ ವಾರ ನನ್ನ ಸಣ್ಣ ತೊಟ್ಟಿಯಲ್ಲಿ ಬೆರಳುದ್ದದ ಅಕ್ರೊಪೋರಾ ಕೊಂಬೆಯೊಂದಿದೆ. ಒಂಬತ್ತನೆಯ ದಿನ ಬುಡದ ಹಿಂಬದಿಯಲ್ಲಿ ಸಾಸಿವೆಗಿಂತ ಚಿಕ್ಕ ಏಳು ಕಂದು ಚುಕ್ಕೆಗಳು ಸಿಕ್ಕವು. ಮೊದಲ ದಿನ ನಾನೇ ಭೂತಗನ್ನಡಿ ಹಿಡಿದು ನೋಡಿದ್ದ ಜಾಗವದು.

ಸಂಪಾದಕರೇ, ಕುದಿಯುವ ನೀರಿನ ಆ ಸಾಲಿಗೆ ತಿದ್ದುಪಡಿಯನ್ನು ಪುರವಣಿಯ ಅದೇ ಪುಟದಲ್ಲಿ, ಓದುಗರ ಕಣ್ಣಿಗೆ ಬೀಳುವಂತೆ, ಬರುವ ಭಾನುವಾರವೇ ಪ್ರಕಟಿಸಬೇಕೆಂದು ಕೋರುತ್ತೇನೆ. ಪುರವಣಿಯನ್ನು ಕತ್ತರಿಸಿ ಇಟ್ಟುಕೊಂಡವರು ಇರುತ್ತಾರೆ.

ಇತಿ,
ನಿಮ್ಮ ಪತ್ರಿಕೆಯ ಬಹುಕಾಲದ ಓದುಗ